ಕತ್ತಿಯ ಹಿಡಿಗೆ ಯಾವ ಎಣ್ಣೆ?

ಕತ್ತಿಗೆ ಹೊಸ ಹಿಡಿ ಹಾಕಲು ಹೊರಟವರು ಮೊದಲು ಕೇಳುವುದು ಮರದ ಬಗ್ಗೆ. ಬೀಟೆಯಾ, ತೇಗವಾ, ಹುಣಸೆಯಾ? ಕೆಚ್ಚು ಗಟ್ಟಿಯಿದ್ದು ಚೆನ್ನಾಗಿ ಒಣಗಿದ್ದರೆ ಮೂರೂ ನಡೆಯುತ್ತವೆ. ಬೀಟೆ ಉಜ್ಜುವಾಗ ಮಾತ್ರ ಮೂಗಿಗೆ ಮಾಸ್ಕ್ ಇರಲಿ, ಅದರ ಪುಡಿ ಕೆಲವರಿಗೆ ಅಲರ್ಜಿ. ನನ್ನ ಪ್ರಕಾರ ಹಿಡಿ ಎಷ್ಟು ಬಾಳುತ್ತದೆ ಅನ್ನುವುದು ಮರದ ಎಳೆಯ, ಅಂದರೆ ನಾರು ಓಡುವ, ದಿಕ್ಕು ಮತ್ತು ಹಚ್ಚುವ ಎಣ್ಣೆಯ ಮೇಲಿದೆ.

ಮರ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಆದರೆ ಎಲ್ಲ ಕಡೆಗೂ ಒಂದೇ ಸಮ ಅಲ್ಲ. ಹಸಿ ಮರ ಪೂರ್ತಿ ಒಣಗುವಾಗ ಎಳೆಯ ಉದ್ದಕ್ಕೆ ಸಾಮಾನ್ಯವಾಗಿ ಕುಗ್ಗುವುದು ಶೇ. 0.1ರಿಂದ 0.2 ಅಷ್ಟೇ. ಅಡ್ಡಕ್ಕೆ ಶೇ. 2ರಿಂದ 10ರವರೆಗೂ ಹೋಗುತ್ತದೆ. ಜೊತೆಗೆ ಮರ ಸೀಳುವುದೂ ಎಳೆಗುಂಟವೇ. ಹಾಗಾಗಿ ಎಳೆ ಹಿಡಿಯ ಉದ್ದಕ್ಕೇ ಓಡಬೇಕು. ಅಡ್ಡ ಎಳೆಯ ತುಂಡು ಎಷ್ಟೇ ಚೆಂದ ಕಂಡರೂ, ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಎರಡು ಹೋಳು.

ಇನ್ನು ಎಣ್ಣೆ. ಹಿಡಿಗೆ ಒಳ್ಳೆಯದು ಅಗಸೆ ಎಣ್ಣೆ. ಮನೆಯಲ್ಲಿ ಇದೆಯಲ್ಲ ಅಂತ ಕೊಬ್ಬರಿ ಎಣ್ಣೆ ಸವರುವವರೇ ಜಾಸ್ತಿ. ಹೊಳಪೇನೋ ಬರುತ್ತದೆ, ಆದರೆ ಅದು ಒಣಗುವುದೇ ಇಲ್ಲ. ಸುಮ್ನೆ ಜಿಡ್ಡಾಗಿ ಕೂತಿದ್ದು, ಸೋಪು ತಾಗಿದಾಗೆಲ್ಲ ಅಷ್ಟಷ್ಟು ಹೋಗುತ್ತದೆ. ಅದರ ಕೊಬ್ಬಿನಾಮ್ಲಗಳಲ್ಲಿ ಸುಮಾರು ಶೇ. 90ರಷ್ಟು ಪರ್ಯಾಪ್ತ, ಅಂದರೆ ಇಂಗಾಲದ ಸರಪಳಿಯಲ್ಲಿ ಜೋಡಿ ಬಂಧವಿಲ್ಲ. ಗಾಳಿಯ ಆಮ್ಲಜನಕ ಸುಲಭವಾಗಿ ಕೆಲಸ ಶುರು ಮಾಡುವುದು ಆ ಜೋಡಿ ಬಂಧಗಳ ಹತ್ತಿರ. ಅಗಸೆ ಎಣ್ಣೆಯಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಅಥವಾ ಅದಕ್ಕೂ ಜಾಸ್ತಿ ಇರುವುದು ಆಲ್ಫಾ ಲಿನೋಲೆನಿಕ್ ಆಮ್ಲ. ಅದರ ಒಂದೊಂದು ಅಣುವಿನಲ್ಲೂ ಮೂರು ಜೋಡಿ ಬಂಧ! ಆಮ್ಲಜನಕ ಸೇರಿದಂತೆ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತವೆ. ಒದ್ದೆ ಬಟ್ಟೆ ಒಣಗಿದಂತೆ ಇಲ್ಲಿ ನೀರು ಆರುವುದಿಲ್ಲ. ಆಮ್ಲಜನಕ ಹೀರಿ ಎಣ್ಣೆಯ ತೂಕ ಮೊದಮೊದಲು ಏರುತ್ತದೆ.

ಹಚ್ಚುವ ಮೊದಲು ನುಣ್ಣಗೆ ಉಜ್ಜಿದ ಹಿಡಿಯನ್ನು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ. ಮಲಗಿದ್ದ ನಾರುಗಳು ಎದ್ದು ಮೈ ಒರಟಾಗುತ್ತದೆ. ಒಣಗಿದ ಮೇಲೆ ಸಣ್ಣ ಸ್ಯಾಂಡ್ ಪೇಪರಿನಿಂದ ಮತ್ತೆ ಉಜ್ಜಿ. ಇಲ್ಲದಿದ್ದರೆ ಮೊದಲ ಸಲ ತೊಳೆದಾಗಲೇ ನಾರು ಏಳುತ್ತದೆ. ಎಣ್ಣೆ ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹೀರದೆ ಉಳಿದದ್ದನ್ನು ಒರೆಸಿಬಿಡಿ. ದಪ್ಪಗೆ ಬಿಟ್ಟರೆ ವಾರಗಟ್ಟಲೆ ಅಂಟಂಟು. ಹಿಡಿಯ ತುದಿಗೆ ಎರಡು ಮೂರು ಸಲ ಜಾಸ್ತಿ ಬೇಕು. ಅಲ್ಲಿ ಎಳೆಗಳ ಬಾಯಿ ತೆರೆದಿರುತ್ತದೆ, ನೀರು ನುಗ್ಗುವುದೂ ಅಲ್ಲಿಂದಲೇ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆಮ್ಲಜನಕ ಸೇರುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಅದು ಹೊರಹೋಗಲಾರದೆ ತನ್ನಷ್ಟಕ್ಕೇ ಬೆಂಕಿ ಹೊತ್ತಿಕೊಂಡದ್ದೂ ಇದೆ. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಅದ್ದಿಡಿ.