ಕುಡತಿನಿಯ ಬೂದಿಗುಡ್ಡ ಜ್ವಾಲಾಮುಖಿಯದ್ದಾ?

ಪ್ರಶ್ನೆ: ಬಳ್ಳಾರಿ ಹತ್ತಿರ ಕುಡತಿನಿಯಲ್ಲಿರುವ ಬೂದಿಗುಡ್ಡ ಹಳೇ ಜ್ವಾಲಾಮುಖಿಯ ಬೂದಿ ಅಲ್ವಾ?

ಅಲ್ಲ. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಈ ಸಲ ಪೂರ್ತಿ ಹೇಳಿಬಿಡುತ್ತೇನೆ. ಅದು ಸುಟ್ಟ ಸಗಣಿ. ನಾಲ್ಕೈದು ಸಾವಿರ ವರ್ಷದ ಹಿಂದಿನ ದನದ ಸಗಣಿ.

ಹಿಡಿಂಬಾಸುರನನ್ನು ಸುಟ್ಟ ಬೂದಿ ಅನ್ನುವ ಊರಿನ ಕಥೆ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಜ್ವಾಲಾಮುಖಿ ಬಗ್ಗೆ. ಬಳ್ಳಾರಿಯ ಗ್ರಾನೈಟ್ ಬಂಡೆ 250 ಕೋಟಿ ವರ್ಷದಷ್ಟು ಹಳೆಯದು, ಬೂದಿ ಕೂತಿರುವುದು ಅದರ ಮೇಲಿನ ಮಣ್ಣಿನ ಮೇಲೆ. ಜ್ವಾಲಾಮುಖಿ ಉಗುಳಿದ ಬೂದಿ ಸೀಮೆಗೆಲ್ಲ ಹರಡಬೇಕು, ಕಣದಲ್ಲಿ ಜೋಳದ ರಾಶಿ ಹಾಕಿದ ಹಾಗೆ ಒಂದೇ ಕಡೆ ಯಾಕೆ ಕೂರುತ್ತದೆ? ಇಂಥ ಗುಡ್ಡಗಳ ಒಳಗೆ ಮಡಕೆ ಚೂರು, ದನದ ಮೂಳೆ ಎಲ್ಲಿಂದ ಬಂದವು? "ಕರಗಿ ಗಾಜಿನಂತಾದ ಗಟ್ಟಿ ಇದೆಯಲ್ಲ" ಅಂತೀರಿ. ಹುಲ್ಲಿನಲ್ಲಿ ಸಿಲಿಕಾ, ಅಂದರೆ ಮರಳು, ಗಾಜಿನಲ್ಲಿರುವ ವಸ್ತುವೇ ಇರುತ್ತದೆ, ಹುಲ್ಲು ತಿಂದ ದನದ ಸಗಣಿಯಲ್ಲೂ ಇರುತ್ತದೆ, ದೊಡ್ಡ ರಾಶಿಗೆ ಜೋರು ಬೆಂಕಿ ಬಿದ್ದರೆ ಬೂದಿಯ ಕ್ಷಾರ ಸೇರಿ ಅದು ಕರಗುತ್ತದೆ. ಬಣವೆ ಸುಟ್ಟ ಜಾಗ ಕೆದಕಿದರೆ ಅಂಥದೇ ಹೆಂಟೆ ಸಿಗುವುದುಂಟು. ಲೋಹ ಕರಗಿಸಿದ ಕಿಟ್ಟವೂ ಅಲ್ಲ. ಆ ಕಾಲದ ಜನರ ಕೈಯಲ್ಲಿ ಇದ್ದದ್ದು ಕಲ್ಲಿನ ಕೊಡಲಿ, ಕಬ್ಬಿಣ ಇನ್ನೂ ಬಂದಿರಲಿಲ್ಲ.

ಸಗಣಿ ಅಂತ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಹೇಳಿದ್ದರು, ಆದರೂ ವಾದ ನಿಲ್ಲಲಿಲ್ಲ. ನಿಲ್ಲಿಸಿದ್ದು ಇಬ್ಬರು ಸೇರಿ. ಲಂಡನ್ ವಿಶ್ವವಿದ್ಯಾಲಯದಲ್ಲಿದ್ದ ಪುರಾತತ್ತ್ವಜ್ಞ ರೇಮಂಡ್ ಆಲ್ಚಿನ್ 1957ರಲ್ಲಿ ಕೃಷ್ಣೆಯ ಆಚೆ, ಈಗಿನ ತೆಲಂಗಾಣದ ಉಟ್ನೂರಿನ ಬೂದಿದಿಬ್ಬ ಅಗೆದರು. ಸುಟ್ಟ ಕಂಬಗಳ ದೊಡ್ಡಿ ಸಿಕ್ಕಿತು. ಅದರೊಳಗೆ ದನದ ಗೊರಸಿನ ಗುರುತು, ನಿನ್ನೆ ಕೊಟ್ಟಿಗೆಯಲ್ಲಿ ತುಳಿದ ಹಾಗೆ! ಅದೇ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಪದರ ಓದುವುದನ್ನೇ ಕಸುಬು ಮಾಡಿಕೊಂಡಿದ್ದ ಫ್ರೆಡರಿಕ್ ಝೋಯ್ನರ್, ಬಳ್ಳಾರಿ ಸೀಮೆಯ ಬೂದಿಯನ್ನು ಪರೀಕ್ಷಿಸಿ ಇದು ಸಗಣಿಯೇ ಎಂದು 1960ರಲ್ಲಿ ಬರೆದರು. ಒಬ್ಬರು ಗೊರಸು ತೋರಿಸಿದರು, ಇನ್ನೊಬ್ಬರು ಬೂದಿ ಓದಿದರು. ಗೊರಸು ಮಾತ್ರ ಸಿಕ್ಕಿದ್ದರೆ "ದನ ಆಮೇಲೆ ಬಂದಿರಬಹುದು" ಅನ್ನುತ್ತಿದ್ದರು, ಬೂದಿ ಮಾತ್ರ ಇದ್ದಿದ್ದರೆ "ಬೆರಣಿ ಉರಿಸಿರಬಹುದು" ಅನ್ನುತ್ತಿದ್ದರು. ಇಂಥ ಜೊತೆಗಾರಿಕೆ ನೋಡಿದರೆ ನನಗೆ ನಿಜಕ್ಕೂ ಖುಷಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅಷ್ಟು ಗೊಬ್ಬರವನ್ನು ಹೊಲಕ್ಕೆ ಹಾಕದೆ ಸುಟ್ಟಿದ್ದು ಯಾಕೆ? ಆಲ್ಚಿನ್ ನಮ್ಮ ಹಬ್ಬಗಳ ಬೆಂಕಿಯ ಕಡೆ ಕೈ ತೋರಿಸಿದರು. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುತ್ತೇವಲ್ಲ, ಅಂಥದೇ ಏನೋ ಅಂತ. ಆಮೇಲೆ ಪುರಾತತ್ತ್ವಜ್ಞ ಕೆ. ಪದ್ದಯ್ಯ ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದಾಗ ಬೂದಿಯ ಪಕ್ಕದಲ್ಲೇ ಜನ ವಾಸವಿದ್ದ ಜಾಗ ಸಿಕ್ಕಿತು. ದೊಡ್ಡಿ, ಮನೆ, ಬೆಂಕಿ, ಎಲ್ಲ ಒಂದೇ ಅಂಗಳದಲ್ಲಿ.