ಸ್ಕಿಜೋಫ್ರೇನಿಯಾ ಮತ್ತು ಮಧುಮೇಹ: ತಪ್ಪೆಲ್ಲ ಮಾತ್ರೆಯದಲ್ಲ

ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ದನಿ ಕೇಳಿಸುವಂಥ ಲಕ್ಷಣಗಳ ತೀವ್ರ ಮನೋರೋಗ) ಇರುವವರಿಗೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ ಎರಡು–ಮೂರು ಪಟ್ಟು ಹೆಚ್ಚು. ಕಾರಣ ಕೇಳಿದರೆ ನಾವು ವಿದ್ಯಾರ್ಥಿಗಳು ಥಟ್ಟನೆ ‘ಔಷಧಿ’ ಎಂದುಬಿಡುತ್ತೇವೆ. ಅದು ಅರ್ಧ ಉತ್ತರ ಮಾತ್ರ. ಇಂಥ ರೋಗಕ್ಕೆ ಕೊಡುವ ಆಂಟಿಸೈಕೋಟಿಕ್ ಔಷಧಿಗಳಲ್ಲಿ ಮೊದಲನೆಯದಾದ ಕ್ಲೋರ್‌ಪ್ರೊಮಜಿನ್ ಬಳಕೆಗೆ ಬಂದದ್ದು 1952ರಲ್ಲಿ. ಬುದ್ಧಿಭ್ರಮಣೆ ಹೆಚ್ಚಿರುವ ಮನೆತನಗಳಲ್ಲಿ ಮಧುಮೇಹವೂ ಆಗಾಗ ಕಾಣಿಸುತ್ತದೆ ಎಂದು ಇಂಗ್ಲೆಂಡಿನ ಮನೋವೈದ್ಯ ಹೆನ್ರಿ ಮಾಡ್ಸ್ಲಿ ಬರೆದದ್ದು 1879ರಲ್ಲಿ! ಇನ್ನೂ ಮಾತ್ರೆಯನ್ನೇ ಮುಟ್ಟದ ಹೊಸ ರೋಗಿಗಳಲ್ಲೂ ಗ್ಲೂಕೋಸ್ ಏರುಪೇರು ಕಂಡುಬಂದಿದೆ. ವಂಶವಾಹಿ, ಬಡತನ, ಧೂಮಪಾನ, ದಿನವಿಡೀ ಕೋಣೆಯೊಳಗೇ ಉಳಿಯುವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಹಾಗೆಂದು ಔಷಧಿಯನ್ನು ದೋಷಮುಕ್ತ ಮಾಡುವಂತಿಲ್ಲ. ಕ್ಲೋಜಪಿನ್, ಒಲಾಂಜಪಿನ್‌ಗಳಲ್ಲಿ ಅಪಾಯ ಅತಿ ಹೆಚ್ಚು, ರಿಸ್ಪೆರಿಡೋನ್, ಕ್ವೆಟಿಯಪಿನ್ ಮಧ್ಯಮ, ಅರಿಪಿಪ್ರಜೋಲ್ ಕಡಿಮೆ. ಮೊದಲಿನ ಎರಡು ಮಾತ್ರೆಗಳು ಮಿದುಳಿನ ಹಿಸ್ಟಮಿನ್ ಎಚ್1 ಮತ್ತು ಸೆರೊಟೋನಿನ್ 2ಸಿ ಗ್ರಾಹಕಗಳನ್ನು (ರಾಸಾಯನಿಕ ಸಂದೇಶ ಹಿಡಿಯುವ ತಾಣಗಳನ್ನು) ತಡೆಯುವುದರಿಂದ ಉಂಡರೂ ತೃಪ್ತಿಯಾಗುವುದಿಲ್ಲ. ರಾತ್ರಿ ಮಾತ್ರೆ ನುಂಗಿ ಮಲಗಿದವರು ನಡುರಾತ್ರಿ ಎದ್ದು ಅನ್ನದ ಪಾತ್ರೆ ತಡಕಿದರೆ ಮನೆಯವರು ಹೊಟ್ಟೆಬಾಕತನವೆಂದು ಗದರುತ್ತಾರೆ. ಪಾಪ, ಅದು ಅವರ ಹಟವಲ್ಲ.

ಪರೀಕ್ಷೆಗೆ ಇದನ್ನು ಗಟ್ಟಿ ಮಾಡಿಕೊಳ್ಳಿ: ತೂಕ ಏರದೆಯೂ ಸಕ್ಕರೆ ಏರಬಹುದು. ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಮಸ್ಕರಿನಿಕ್ ಎಂ3 ಗ್ರಾಹಕವನ್ನು ಈ ಎರಡು ಮಾತ್ರೆಗಳು ಮುಚ್ಚಿದರೆ ಇನ್ಸುಲಿನ್ ಸ್ರವಿಕೆ ಕುಗ್ಗುತ್ತದೆ. ಕೆಲವರು ತೆಳ್ಳಗಿದ್ದೇ ನೇರವಾಗಿ ಕೀಟೋಅಸಿಡೋಸಿಸ್‌ಗೆ (ಇನ್ಸುಲಿನ್ ಸಾಲದೆ ರಕ್ತ ಆಮ್ಲೀಯವಾಗುವ ತುರ್ತುಸ್ಥಿತಿಗೆ) ಜಾರುತ್ತಾರೆ.

ಆದ್ದರಿಂದ ಔಷಧಿ ಆರಂಭಿಸುವ ಮೊದಲೇ ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಖಾಲಿಹೊಟ್ಟೆಯ ಸಕ್ಕರೆ, ಕೊಬ್ಬಿನಂಶ ಎಲ್ಲವನ್ನೂ ದಾಖಲಿಸಬೇಕು. 2004ರ ಅಮೆರಿಕದ ಮಾರ್ಗಸೂಚಿಯಂತೆ ತೂಕವನ್ನು 4, 8, 12ನೇ ವಾರಗಳಲ್ಲಿ, ಸಕ್ಕರೆಯನ್ನು 12ನೇ ವಾರದಲ್ಲೂ ಬಳಿಕ ವರ್ಷಕ್ಕೊಮ್ಮೆಯೂ ನೋಡಬೇಕು. ಖಾಲಿಹೊಟ್ಟೆಯ ಸಕ್ಕರೆ 126 mg/dL ಮುಟ್ಟಿದರೆ ಮಧುಮೇಹವೇ ಎಂದು ಮರುಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವುದು ವಾಡಿಕೆ. ಅಳತೆಪಟ್ಟಿಗೆ ಎಷ್ಟು ಮಹಾ ಖರ್ಚು? ಆದರೂ ಸೊಂಟದ ಅಳತೆಯೇ ಎಲ್ಲಕ್ಕಿಂತ ಹೆಚ್ಚು ಬಿಟ್ಟುಹೋಗುತ್ತದೆ ಎನ್ನುವುದು ನನ್ನ ದೂರು.

ಸಕ್ಕರೆ ಏರಿತೆಂದು ಮಾತ್ರೆಯನ್ನು ತಟಕ್ಕನೆ ನಿಲ್ಲಿಸುವುದು ಇನ್ನೂ ಅಪಾಯಕಾರಿ. ಮನೋರೋಗ ಮರುಕಳಿಸಿದರೆ ಊಟ, ಇನ್ಸುಲಿನ್ ಎರಡರ ಹಿಡಿತವೂ ತಪ್ಪುತ್ತದೆ. ವೈದ್ಯರು ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಸೇರಿಸಬಹುದು, ಇಲ್ಲವೇ ನಿಧಾನವಾಗಿ ಮಾತ್ರೆ ಬದಲಿಸಬಹುದು.

ಬೈಪೋಲಾರ್ (ಅತಿ ಉತ್ಸಾಹ, ಖಿನ್ನತೆಗಳ ನಡುವೆ ತೂಗುವ ಮನೋರೋಗ) ಓದುವವರು ಒಂದು ಕಡೆ ಎಚ್ಚರವಿರಲಿ. ಅದಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರು ಬಾಯಾರಿಕೆ, ಪದೇಪದೇ ಮೂತ್ರ ಎಂದರೆ ಅದು ಸಕ್ಕರೆಯಿಂದಲೇ ಆಗಬೇಕೆಂದಿಲ್ಲ. ಲಿಥಿಯಂ ಮೂತ್ರಪಿಂಡದ ನೀರು ಹಿಡಿದಿಡುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಸಕ್ಕರೆ, ಸೋಡಿಯಂ, ಲಿಥಿಯಂ ಪ್ರಮಾಣ ಮೂರನ್ನೂ ಒಟ್ಟಿಗೇ ನೋಡಿ.