ಸೋಲಿಗರಿಗೆ ಹಕ್ಕುಪತ್ರ ಸಿಕ್ತು, ಆದ್ರೆ ಕಾಡಿನ ವಿಷ್ಯದಲ್ಲಿ ಯಾರ ಮಾತು ನಡೀತಿದೆ?

ಜನವರಿ ಹೊತ್ತಿಗೆ ಬಿಳಿಗಿರಿರಂಗನ ಬೆಟ್ಟದ ಕಾಡಲ್ಲಿ ಹುಲ್ಲು ಮೇಲೆ ಒಣಗಿದ್ರೂ ಬುಡದಲ್ಲಿ ಇನ್ನೂ ಹಸಿ ಇರತ್ತೆ, ರಾತ್ರಿ ಇಬ್ಬನಿ ಬಿದ್ದು ಬೆಳಗ್ಗೆ ತರಗೆಲೆ ಮೆತ್ತಗಿರತ್ತೆ. ಇಲ್ಲಿಯ ಆದಿವಾಸಿಗಳಾದ ಸೋಲಿಗರು ಹಿಂದೆ ಕಾಡಿಗೆ ಬೆಂಕಿ ಕೊಡ್ತಿದ್ದಿದ್ದು ಈ ಹೊತ್ತಲ್ಲೇ, ತರಗು ಬೆಂಕಿ ಅಂತಾರೆ ಅದನ್ನ. ಒಣಗಿದ ಎಲೆ, ಹುಲ್ಲಿನ ತುದಿ ಸುಟ್ಕೊಂಡು ನೆಲದಲ್ಲೇ ಹೋಗೋ ಸಣ್ಣ ಬೆಂಕಿ, ಹಳ್ಳದ ಹಸಿ ಸಿಕ್ಕಿದ ಕಡೆ ತಾನೇ ಆರ್ಕೊಳತ್ತೆ. ಪೋಡಿನ, ಅಂದ್ರೆ ಸೋಲಿಗರ ಊರಿನ, ಒಬ್ಬ ತಾತ ನಂಗೆ ಹೇಳಿದ್ದು ಹೀಗೆ: "ಆ ಬೆಂಕಿ ನೆಲದಲ್ಲೇ ತೆವಳ್ಕೊಂಡು ಹೋಯ್ತದೆ ಸಾ, ಮರ ಹತ್ತಾಕಿಲ್ಲ." ಅದೇ ಬೆಂಕಿ ಮಾರ್ಚ್ ಕೊನೆಗೋ ಏಪ್ರಿಲ್‌ಗೋ ಬಿದ್ರೆ ಕಥೆನೇ ಬೇರೆ, ಆಗ ಗಾಳಿ ಇರತ್ತೆ, ನೆಲ ಕಾದಿರತ್ತೆ, ಬೆಂಕಿ ಯಾರ ಮಾತೂ ಕೇಳಲ್ಲ.

ನಾನು ಅರಣ್ಯ ಹಕ್ಕು ಕಾಯ್ದೆ ಅಡಿ ಗ್ರಾಮಸಭೆಗಳ ಜೊತೆ ಕೂತು ಅರ್ಜಿ, ನಕ್ಷೆ, ಕಾಡು ನೋಡ್ಕೊಳ್ಳೋ ಪ್ಲಾನು ಇವೆಲ್ಲ ಬರೆಯೋ ಕೆಲಸ ಮಾಡ್ತೀನಿ. "ಸ್ಥಳೀಯ ಜನ ಸಂರಕ್ಷಣೆಯ ನಾಯಕತ್ವ ವಹಿಸ್ಬೇಕು" ಅನ್ನೋ ಮಾತು ಈಗ ಎಲ್ಲಾ ಮೀಟಿಂಗಲ್ಲೂ ಕೇಳತ್ತೆ. ಸಂತೋಷ. ಆದ್ರೆ ಜನರನ್ನ ವಾಚರ್ ಕೆಲಸಕ್ಕೆ ತಗೊಳ್ಳೋದು ಬೇರೆ, ಕಾಡಿನ ವಿಷ್ಯದಲ್ಲಿ ಅವರ ತೀರ್ಮಾನ ನಡೆಯೋದು ಬೇರೆ. ಬಿಆರ್‌ಟಿ, ಅಂದ್ರೆ ಈ ಬಿಳಿಗಿರಿರಂಗನ ಬೆಟ್ಟದ ಕಾಡು, ಇದಕ್ಕೆ ನಂಗೆ ಗೊತ್ತಿರೋ ಸ್ಪಷ್ಟ ಉದಾಹರಣೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೀತಿದೀನಿ.

1974ರಲ್ಲಿ ಇದು ಅಭಯಾರಣ್ಯ ಆಯ್ತು. ಆಮೇಲೆ ಬೇಟೆ ನಿಂತಿತು, ಜಾಗ ಬದಲಾಯಿಸ್ಕೊಂಡು ರಾಗಿ ಬೆಳೀತಿದ್ದ ಬೇಸಾಯ ನಿಂತಿತು, ಕಾಡೊಳಗೆ ಚದುರಿದ್ದ ಎಷ್ಟೋ ಪೋಡುಗಳನ್ನ ರಸ್ತೆ ಪಕ್ಕಕ್ಕೆ ತಂದು ಕೂರಿಸಿದ್ರು, ತರಗು ಬೆಂಕಿನೂ ನಿಂತಿತು. ಬೆಂಕಿ ಅಂದ್ರೆ ಕಾಡಿಗೆ ಶತ್ರು ಅನ್ನೋದೇ ಆಗಿನ ಅರಣ್ಯ ಶಾಸ್ತ್ರ, ಇಲಾಖೆಯವರು ಕೆಟ್ಟ ಮನಸ್ಸಿಂದ ಮಾಡಿದ್ದಲ್ಲ. ಪರಿಣಾಮ ಮಾತ್ರ ನೆಲದ ಮೇಲೆ ಕಾಣ್ತಿದೆ. ಲಂಟಾನ ಅನ್ನೋ, ಹೊರದೇಶದಿಂದ ಬಂದು ಹಬ್ಬಿರೋ ಪೊದೆ ಬಗ್ಗೆ ಸಂಶೋಧಕರು ಇಡೀ ಬಿಆರ್‌ಟಿಲಿ ಪ್ಲಾಟ್ ಹಾಕಿ ಎಣಿಸಿದಾರೆ, 1997ರಲ್ಲಿ ನೂರಕ್ಕೆ 41 ಪ್ಲಾಟಲ್ಲಿ ಲಂಟಾನ ಇತ್ತು, 2008ರಲ್ಲಿ 81ರಲ್ಲಿ. ಹನ್ನೊಂದೇ ವರ್ಷ. ಪೊದೆ ಆಳೆತ್ತರಕ್ಕೆ ಬೆಳೆದು ಮರಕ್ಕೆ ಹಬ್ಬಿದ ಕಡೆ ಈಗ ಬೇಸಿಗೆಲಿ ಬೆಂಕಿ ಬಿದ್ರೆ ಅದು ಏಣಿ ಸಿಕ್ಕಿದ ಹಾಗೆ ಲಂಟಾನ ಹಿಡ್ಕೊಂಡು ಮರದ ತಲೆಗೇ ಹೋಗತ್ತೆ. ಕೆಳಗೆ ಹುಲ್ಲು ಇಲ್ಲ, ಹುಲ್ಲಿಲ್ಲದ ಕಡೆ ಕಡವೆ ಜಿಂಕೆ ಮೇಯೋದೇನು, ಅವು ಇಲ್ಲದ ಕಡೆ ಹುಲಿ ಏನು ತಿನ್ಬೇಕು.

ಸೋಲಿಗರು ಇದನ್ನ ಮೊದಲಿಂದ ಹೇಳ್ತಾನೇ ಬಂದಿದಾರೆ. ತರಗು ಬೆಂಕಿ ಇದ್ದಾಗ ಲಂಟಾನ ಸಸಿ ಚಿಕ್ಕದಿರುವಾಗಲೇ ಸುಟ್ಟು ಹೋಗ್ತಿತ್ತು, ಮೈಗೆ ಹತ್ತೋ ಉಣ್ಣಿ ಹುಳ ಕಮ್ಮಿ ಇರ್ತಿತ್ತು, ಸುಟ್ಟ ಜಾಗದಲ್ಲಿ ಹೊಸ ಹುಲ್ಲು ಚಿಗುರ್ತಿತ್ತು ಅಂತ. ಇನ್ನೊಂದು ನೆಲ್ಲಿ ಮರದ ವಿಷ್ಯ. ನೆಲ್ಲಿ ಮೇಲೆ ಬದನಿಕೆ ಕೂತ್ಕೊಂಡು ಮರದ ರಸ ಹೀರತ್ತಲ್ಲ, ಸೋಲಿಗರು ಅದನ್ನ ಉಪ್ಪಿಲು ಅಂತಾರೆ, ಅದು ಜಾಸ್ತಿ ಆಗಿದ್ದೇ ಬೆಂಕಿ ನಿಂತ ಮೇಲೆ ಅನ್ನೋದು ಅವರ ಮಾತು. ಮೊದಮೊದಲು ನಮ್ಮಂಥ ಓದಿದವರು ನೆಲ್ಲಿ ಕಮ್ಮಿ ಆದ್ರೆ ಕಾಯಿ ಕೀಳೋರನ್ನೇ ನೋಡ್ತಿದ್ವಿ, ಆಮೇಲೆ ಸಂಶೋಧಕರು ಸೋಲಿಗರ ಮಾತನ್ನ ಗಂಭೀರವಾಗಿ ತಗೊಂಡು ಪರೀಕ್ಷೆ ಮಾಡಿದಾಗ ಬದನಿಕೆ ಎಷ್ಟು ದೊಡ್ಡ ಸಮಸ್ಯೆ ಅನ್ನೋದು ಚರ್ಚೆಗೆ ಬಂತು. ಕಾಡಲ್ಲಿ ದಿನಾ ನಡೆದಾಡೋರ ಕಣ್ಣಿಗೆ ಬೀಳೋದು ವರ್ಷಕ್ಕೊಂದ್ಸಲ ಪ್ಲಾಟ್ ಅಳೆಯೋಕೆ ಹೋಗೋರ ಕಣ್ಣಿಗೆ ಬೀಳಲ್ಲ, ಇದು ಸಹಜ.

ಈಗ ಹಕ್ಕಿನ ವಿಷ್ಯಕ್ಕೆ ಬರ್ತೀನಿ. 2006ರ ಅರಣ್ಯ ಹಕ್ಕು ಕಾಯ್ದೆಲಿ ಜಮೀನು ಪಟ್ಟಾ ಬಗ್ಗೆ ಮಾತ್ರ ಎಲ್ಲರೂ ಮಾತಾಡ್ತಾರೆ, ಆದ್ರೆ ನನ್ನ ಪ್ರಕಾರ ಅದರ ಜೀವ ಇರೋದು ಸೆಕ್ಷನ್ 3(1)(ಐ)ನಲ್ಲಿ. ಹಿಂದಿಂದ ಕಾಪಾಡ್ಕೊಂಡು ಬಂದ ಸಮುದಾಯದ ಅರಣ್ಯ ಸಂಪತ್ತನ್ನ ರಕ್ಷಿಸೋ, ಮತ್ತೆ ಬೆಳೆಸೋ, ನಿರ್ವಹಿಸೋ ಹಕ್ಕು ಅಲ್ಲಿದೆ. ಸೆಕ್ಷನ್ 5 ಗ್ರಾಮಸಭೆಗೆ ಕಾಡು, ವನ್ಯಜೀವಿ, ನೀರಿನ ಮೂಲ ಕಾಪಾಡೋ ಅಧಿಕಾರನೂ ಕೊಡತ್ತೆ. ಸಾಕ್ಷಿ ಏನು ಕೊಡೋದು ಅಂತ ಜನ ಹೆದರ್ತಾರೆ, ಹೆದರೋದು ಬೇಡ, ಹಿರಿಯರ ಹೇಳಿಕೆ ಬರ್ಕೊಂಡ್ರೆ ಅದೇ ಒಂದು ಸಾಕ್ಷಿ, ದೇವರ ಮರ, ಸಮಾಧಿ ಜಾಗ, ಹಳೇ ಕಟ್ಟೆ ಇವೂ ಸಾಕ್ಷಿ, ನಿಯಮ 13ರಲ್ಲಿ ಹಾಗೇ ಇದೆ. ಒಂದಕ್ಕಿಂತ ಹೆಚ್ಚು ಥರದ್ದು ಕೊಡಿ, ಅಷ್ಟೇ.

ಬಿಆರ್‌ಟಿಲಿ ಈ ಸಾಕ್ಷಿಗೆ ಬರವೇ ಇಲ್ಲ. ಒಂದೊಂದು ಕುಲಕ್ಕೂ ಕಾಡಲ್ಲಿ ತನ್ನದೇ ಆದ ಎಲ್ಲೆ ಇದೆ, ಒಂದೊಂದು ಎಲ್ಲೆಯೊಳಗೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಪೂಜೆ ಜಾಗಗಳು. ಅಬ್ಬಿ ಅಂದ್ರೆ ನೀರು ಹುಟ್ಟೋ ಜಾಗ, ಅಲ್ಲಿ ಯಾರೂ ಮರ ಮುಟ್ಟಲ್ಲ. ಭಾರ್ಗವಿ ಹೊಳೆ ದಂಡೆಲಿರೋ ದೊಡ್ಡ ಸಂಪಿಗೆ ಮರ ಟೂರಿಸ್ಟ್‌ಗಳಿಗೂ ಗೊತ್ತು, ಆದ್ರೆ ಅಂಥ ಜಾಗ ಒಂದಲ್ಲ, ಪರಿಸರದ ಸಂಶೋಧನೆ ಮಾಡೋ ಏಟ್ರೀ ಸಂಸ್ಥೆಯವರು ಸೋಲಿಗರ ಜೊತೆ ಜಿಪಿಎಸ್ ಹಿಡ್ಕೊಂಡು ನಡೆದು ನಾನೂರಕ್ಕೂ ಹೆಚ್ಚು ಜಾಗ ಗುರುತು ಮಾಡಿ ಮ್ಯಾಪ್ ಮಾಡಿದಾರೆ. ಸೋಲಿಗ ಸಮುದಾಯದವರೇ ಆದ ಸಂಶೋಧಕ ಡಾ. ಸಿ. ಮಾದೇಗೌಡರು ಮತ್ತೆ ಬುಡಕಟ್ಟು ಗಿರಿಜನ ಸಂಘದವರು ಪೋಡು ಪೋಡು ತಿರುಗಿ ಈ ಹಕ್ಕಿನ ಕೆಲಸ ಮಾಡಿದ್ದನ್ನ ಇಲ್ಲಿ ಹೇಳಲೇಬೇಕು. ಖಾಲಿ ಹಸಿರು ಬಣ್ಣ ಬಳಿದಿದ್ದ ಸರ್ಕಾರಿ ನಕ್ಷೆ ಪಕ್ಕದಲ್ಲಿ ಈ ಮ್ಯಾಪ್ ಇಟ್ಟು ನೋಡಿದ್ರೆ ಎಂಥವರಿಗೂ ಅರ್ಥ ಆಗತ್ತೆ, ಇದು ಯಾರೂ ಇಲ್ಲದ ಕಾಡಲ್ಲ, ಹೆಜ್ಜೆ ಹೆಜ್ಜೆಗೂ ನೋಡ್ಕೊಳ್ಳೋರು ಇರೋ ಕಾಡು.

2011ರ ಶುರುವಲ್ಲಿ ಇದು ಹುಲಿ ಮೀಸಲು ಪ್ರದೇಶ ಆಯ್ತು, ಒಕ್ಕಲೆಬ್ಬಿಸ್ತಾರೇನೋ ಅನ್ನೋ ಭಯ ಪೋಡುಗಳಲ್ಲಿ ಜೋರಾಗಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ತು, ಹುಲಿ ಮೀಸಲಿನ ಒಳಗೆ ಹೀಗೆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿ, ಪಾಚಿ ತಂದು ಮಾರೋದನ್ನ ವನ್ಯಜೀವಿ ಕಾಯ್ದೆಯ ತಿದ್ದುಪಡಿ ನೆಪದಲ್ಲಿ ಅದಕ್ಕೂ ಕೆಲವು ವರ್ಷ ಮುಂಚೆ ನಿಲ್ಲಿಸಿದ್ರು, ಕಾಡಿನ ಉತ್ಪನ್ನ ಕೊಳ್ಳೋ ಆದಿವಾಸಿಗಳ ಸಹಕಾರ ಸಂಘ, ಅಂದ್ರೆ ಲ್ಯಾಂಪ್ಸ್ ಸೊಸೈಟಿ ನಂಬ್ಕೊಂಡಿದ್ದ ಎಷ್ಟೋ ಮನೆಯವರು ಕಾಫಿ ತೋಟದ ಕೂಲಿಗೆ ಹೋಗಿದ್ರು, ಅವರಿಗೆ ಈ ಹಕ್ಕುಪತ್ರ ಅಂದ್ರೆ ಏನು ಅಂತ ಬರೆದು ಹೇಳೋಕಾಗಲ್ಲ. ಹುಲಿ ಏನಾಯ್ತು ಅಂತ ಕೇಳೋರಿಗೆ: 2010ರಲ್ಲಿ 35 ಅಂತ ಇದ್ದ ಲೆಕ್ಕ 2014ಕ್ಕೆ 68 ಆಯ್ತು ಅಂತ ವರದಿ ಬಂತು. ಇದು ಸೋಲಿಗರಿಂದಲೇ ಆಯ್ತು ಅಂತ ನಾನು ಹೇಳಲ್ಲ, ಇಲಾಖೆಯ ಗಾರ್ಡ್‌ಗಳ ದುಡಿಮೆ ಇದೆ, ಸುತ್ತಲಿನ ಕಾಡುಗಳಿಂದ ಬರೋ ಹುಲಿಗಳೂ ಇವೆ. ಆದ್ರೆ ಜನ ಇದ್ರೆ ಹುಲಿ ಉಳಿಯಲ್ಲ ಅನ್ನೋ ವಾದ ಈ ಕಾಡಲ್ಲಿ ನಿಲ್ಲಲ್ಲ.

ಹಾಗಾದ್ರೆ ತೊಂದರೆ ಎಲ್ಲಿ? ಕಾಡು ನಿರ್ವಹಿಸೋ ಹಕ್ಕು ಕಾಯ್ದೆಲಿದೆ, ಆದ್ರೆ ತರಗು ಬೆಂಕಿ ವಿಷ್ಯ ಎತ್ತಿದ ತಕ್ಷಣ 1972ರ ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ತೋರಿಸ್ತಾರೆ, ಅಭಯಾರಣ್ಯದಲ್ಲಿ ಬೆಂಕಿ ಹಚ್ಚೋ ಹಾಗಿಲ್ಲ ಅಂತ. ಈಗ ಇದನ್ನ ಗಮನಿಸಿ. ನಮ್ಮ ಒಣ ಕಾಡುಗಳಲ್ಲಿ ಬೇಸಿಗೆಗೆ ಮುಂಚೆ ಇಲಾಖೆನೇ ಬೆಂಕಿ ರೇಖೆ ಮಾಡಿಸತ್ತೆ, ಪಟ್ಟಿ ಥರ ಪೊದೆ ಕಡಿದು ಒಣಗಿಸಿ ಸುಡ್ತಾರೆ. ಸುಡೋರು ಯಾರು? ಹೆಚ್ಚಿನ ಕಡೆ ಆದಿವಾಸಿಗಳೇ, ದಿನಗೂಲಿಗೆ. ಗಾಳಿ ಯಾವ ಕಡೆ ತಿರುಗತ್ತೆ, ಎಷ್ಟೊತ್ತಿಗೆ ಹಚ್ಚಿದ್ರೆ ಕೈ ಮೀರಲ್ಲ ಅಂತ ಗೊತ್ತಿರೋದು ಅವರಿಗೆ. ಬೆಂಕಿ ಹಚ್ಚೋ ಕೈ ಅದೇ, ತಲೆ ಓಡಿಸೋದು ಮಾತ್ರ ಬೇಡ ಅಂದ್ರೆ ಅದನ್ನ ಸಮುದಾಯದ ನಾಯಕತ್ವ ಅಂತ ಹೇಗೆ ಕರೆಯೋದು?

ನಾಳೆಯಿಂದಲೇ ಎಲ್ಲಾ ಕಡೆ ಬೆಂಕಿ ಕೊಡಿ ಅಂತ ಯಾವ ಸೋಲಿಗರೂ ಕೇಳ್ತಿಲ್ಲ, ಈಗಿರೋ ಲಂಟಾನಕ್ಕೆ ಬೆಂಕಿ ಬಿದ್ರೆ ಕಾಡೇ ಹೋಗತ್ತೆ ಅಂತ ಅವರಿಗೇ ಚೆನ್ನಾಗಿ ಗೊತ್ತು. ಮೊದಲು ಪೊದೆ ತೆಗೀಬೇಕು, ಅದಕ್ಕೂ ಒಂದು ಕ್ರಮ ಇದೆ. ಮೇಲೆ ಕತ್ತರಿಸಿದ್ರೆ ಬುಡದಿಂದ ಇನ್ನೂ ಜೋರಾಗಿ ಚಿಗುರತ್ತೆ, ಜೆಸಿಬಿ ತಂದ್ರೆ ನೆಲ ಕದಡಿ ಬೀಜ ಮೇಲೆ ಬರತ್ತೆ. ಮಣ್ಣಿಂದ ಮೂರ್ನಾಲ್ಕು ಸೆಂಟಿಮೀಟರ್ ಕೆಳಗೆ ತಾಯಿ ಬೇರನ್ನ ಗುದ್ದಲಿಲಿ ಕಡಿದು, ಪೊದೆನ ಎತ್ತಿ, ಬೇರು ಮೇಲೆ ಬರೋ ಹಾಗೆ ತಲೆಕೆಳಗು ಮಾಡಿ ಇಡ್ಬೇಕು, ಹಾಗೇ ಒಣಗತ್ತೆ. ಹಣ್ಣಾಗೋಕೆ ಮುಂಚೆ ಮಾಡ್ಬೇಕು. ಮುಂದಿನ ಮಳೆಗೆ ಹಕ್ಕಿ ಕೂರೋ ಮರಗಳ ಕೆಳಗೆ ಸಸಿ ಮತ್ತೆ ಎದ್ದಿರತ್ತೆ, ಎರಡು ಮೂರು ವರ್ಷ ಬಂದು ಕೀಳ್ತಾನೇ ಇರ್ಬೇಕು. ಟೆಂಡರ್ ಹಿಡಿದೋರು ಒಂದ್ಸಲ ಕಡಿದು ಬಿಲ್ ಮಾಡ್ಕೊಂಡು ಹೋಗ್ತಾರೆ, ಮೂರನೇ ವರ್ಷಕ್ಕೂ ಬರೋರು ಅಂದ್ರೆ ಅಲ್ಲೇ ವಾಸ ಇರೋರು ಮಾತ್ರ. ಹುಲ್ಲು ಬಂದ ಮೇಲೆ ಸಣ್ಣ ಜಾಗದಲ್ಲಿ, ಇಲಾಖೆ ಮತ್ತೆ ಗ್ರಾಮಸಭೆ ಜೊತೆಲಿ ನಿಂತು, ಜನವರಿಲಿ ತರಗು ಬೆಂಕಿ ಕೊಟ್ಟು ಪಕ್ಕದ ಜಾಗದ ಜೊತೆ ಹೋಲಿಸಿ ನೋಡಿ. ಆಸ್ಟ್ರೇಲಿಯಾದ ಉತ್ತರದಲ್ಲಿ ಪಶ್ಚಿಮ ಆರ್ನಮ್ ಲ್ಯಾಂಡ್‌ನ ಮೂಲನಿವಾಸಿ ರೇಂಜರ್‌ಗಳು 2006ರಿಂದ ದೊಡ್ಡ ಮಟ್ಟದಲ್ಲಿ ಇದನ್ನೇ ಮಾಡ್ತಿದಾರೆ, ಒಣಗಾಲದ ಶುರುವಲ್ಲೇ ಸಣ್ಣ ಬೆಂಕಿ ಕೊಟ್ಟು ಕೊನೆಲಿ ಬರೋ ದೊಡ್ಡ ಬೆಂಕಿ ತಪ್ಪಿಸೋದು. ಹೊಗೆ ಕಮ್ಮಿ ಆಗಿದ್ದಕ್ಕೆ ಕಾರ್ಬನ್ ಲೆಕ್ಕದಲ್ಲಿ ಅವರಿಗೆ ದುಡ್ಡೂ ಬರತ್ತೆ. ಅಲ್ಲಿಯ ಕಾಡು ಬೇರೆ, ಹವಾಮಾನ ಬೇರೆ, ಹಾಗೇ ನಕಲು ಮಾಡೋಕಾಗಲ್ಲ, ಆದ್ರೆ ಸರ್ಕಾರ ಒಪ್ಪಿದ್ರೆ ಆಗತ್ತೆ ಅನ್ನೋದಂತೂ ಗೊತ್ತಾಯ್ತಲ್ಲ.

ಹಕ್ಕುಪತ್ರ ಈಗಾಗಲೇ ಇರೋ ಪೋಡಿನವರು, ಹಾಗೇ ಬೇರೆ ಜಿಲ್ಲೆಗಳಲ್ಲಿ ಜೇನುಕುರುಬರು, ಕುಣಬಿಗಳ ಊರಲ್ಲಿ ಈ ಕೆಲಸ ಮಾಡ್ತಿರೋರು ಒಂದ್ಸಲ ಕಾಗದ ತೆಗೆದು ನೋಡಿ. ಬರೀ ಜೇನು, ಸೌದೆ ತರೋ ಹಕ್ಕಷ್ಟೇ ಬರೆದಿದಾರಾ ಅಥವಾ ನಿರ್ವಹಿಸೋ ಹಕ್ಕೂ ಇದೆಯಾ, ಎಲ್ಲೆ ಗುರುತು ಮಾಡಿದ ನಕ್ಷೆ ಲಗತ್ತಿದೆಯಾ. ಇಲ್ಲ ಅಂದ್ರೆ 2012ರ ತಿದ್ದುಪಡಿಲಿ ಬಂದ ನಮೂನೆ ಸಿನಲ್ಲಿ ಸಮುದಾಯ ಅರಣ್ಯ ಸಂಪತ್ತಿನ ಅರ್ಜಿ ಹಾಕಿ. ಇದೆ ಅಂದ್ರೆ ಗ್ರಾಮಸಭೆಲಿ ನಿಯಮ 4(1)(ಇ) ಪ್ರಕಾರ ಸಮಿತಿ ಮಾಡಿ ಪ್ಲಾನು ಬರೀರಿ, ಹಿರಿಯರನ್ನ, ಜೇನು ಕೊಯ್ಯೋರನ್ನ, ಸೌದೆಗೆ ಹೋಗೋ ಹೆಂಗಸರನ್ನ ಕೂರಿಸ್ಕೊಂಡೇ ಬರೀರಿ, ಯಾವ ಜಾಗದ ಲಂಟಾನ ಮೊದಲು, ಯಾವ ಅಬ್ಬಿ ಬತ್ತಿದೆ, ಎಲ್ಲಿ ಯಾವ ತಿಂಗಳು ಬೆಂಕಿ ಕೊಟ್ಟು ನೋಡೋದು ಅಂತ ಹೆಸರು ಸಮೇತ. ಆ ಪ್ಲಾನನ್ನ ಇಲಾಖೆಯ ಕಾರ್ಯಯೋಜನೆ ಜೊತೆ ಸೇರಿಸ್ಕೊಳ್ಬೇಕು ಅಂತ ನಿಯಮದಲ್ಲೇ ಇದೆ, ಅದನ್ನ ಬರವಣಿಗೆಲಿ ಕೇಳಿ, ಸ್ವೀಕೃತಿ ತಗೊಳ್ಳಿ.